ಡೀಸೆಲ್ ಕಾರಿನ ಮುಂಜಾವಿನ ಅಸಮಗತಿ: ಕಾರಣ ಮತ್ತು ನಿದಾನ

೧. ವಿಷಯಪ್ರವೇಶ

ಕೊಪ್ಪಳ ಸೀಮೆಯ ಜನರಿಗೆ ಡೀಸೆಲ್ ಇಂಜಿನಿನ ಪರಿಚಯ ಹೊಸದಲ್ಲ. ಬಾವಿಯ ನೀರೆತ್ತುವ ಪಂಪುಸೆಟ್ಟು, ಹಿಟ್ಟಿನ ಗಿರಣಿ, ಗಂಗಾವತಿಯ ನೆಲ್ಲು ಸಾಗಿಸುವ ಲಾರಿ, ಕುಷ್ಟಗಿ ಯಲಬುರ್ಗಾಗಳ ಎರೆಹೊಲದಲ್ಲಿ ದುಡಿಯುವ ಟ್ರ್ಯಾಕ್ಟರು, ಇವೆಲ್ಲವೂ ಡೀಸೆಲಿನ ಶಕ್ತಿಯಿಂದಲೇ ನಡೆದು ಬಂದಿವೆ. ಕೊಪ್ಪಳದ ಸಮೀಪದ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಇಂಜಿನುಗಳ ಸಿಲಿಂಡರ್ ಬ್ಲಾಕು ಮತ್ತು ಹೆಡ್ಡುಗಳನ್ನು ಎರಕ ಹೊಯ್ಯುವುದೂ ಉಂಟು. ಇಂತಹ ಸೀಮೆಯಲ್ಲಿ ಡೀಸೆಲ್ ಇಂಜಿನಿನ ಒಂದು ಸಾಮಾನ್ಯ ದೋಷವನ್ನು ಶಾಸ್ತ್ರೀಯವಾಗಿ ವಿವೇಚಿಸುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸುತ್ತೇವೆ.

ಆ ದೋಷ ಇದು. ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಜಾವದಲ್ಲಿ ರಾತ್ರಿಯೆಲ್ಲ ನಿಂತಿದ್ದ ಡೀಸೆಲ್ ಕಾರನ್ನು ಚಾಲೂ ಮಾಡಿದಾಗ, ಇಂಜಿನು ಹೊತ್ತಿಕೊಳ್ಳುತ್ತದೆಯಾದರೂ ಒಂದೇ ಸಮನೆ ತಿರುಗುವುದಿಲ್ಲ. ಗಾಡಿ ಅಲುಗುತ್ತದೆ, ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಹೊರಡುತ್ತದೆ, ಒಂದೆರಡು ನಿಮಿಷಗಳಲ್ಲಿ ಎಲ್ಲವೂ ತಾನಾಗಿಯೇ ಶಮನವಾಗುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ 'ಮಿಸ್ಸಿಂಗ್' ಎಂದು ಹೆಸರು. ಆಕ್ಸಿಲರೇಟರನ್ನು ತುಳಿಯದೆ ಇಂಜಿನನ್ನು ತನ್ನಷ್ಟಕ್ಕೆ ತಿರುಗಲು ಬಿಟ್ಟ ಸ್ಥಿತಿಗೆ 'ಐಡ್ಲಿಂಗ್' ಎಂಬ ಮಾತು ರೂಢಿಯಲ್ಲಿದೆ. ಆ ಸ್ಥಿತಿಯಲ್ಲಿ ತೋರುವ ಈ ಏರುಪೇರನ್ನು ನಾವು ಅಸಮಗತಿ ಎಂದು ಕರೆಯೋಣ.

ಈ ಅಸಮಗತಿಗೆ ಸಾಮಾನ್ಯವಾಗಿ ದೊರೆಯುವ ಸಮಾಧಾನ ಎರಡು ಬಗೆಯದು. ಒಂದು, "ಚಳಿಗೆ ಹೀಗಾಗುತ್ತದೆ, ಬಿಡಿ" ಎಂಬುದು. ಇನ್ನೊಂದು, "ನಾಜಲ್ ಹೋಗಿವೆ, ನಾಲ್ಕನ್ನೂ ಬದಲಿಸಿ" ಎಂಬುದು. ಮೊದಲನೆಯದು ಉದಾಸೀನಕ್ಕೆ ಎಡೆಗೊಡುತ್ತದೆ; ಎರಡನೆಯದು ಅನೇಕ ವೇಳೆ ವ್ಯರ್ಥವಾದ ದೊಡ್ಡ ಖರ್ಚಿಗೆ. ನಮ್ಮ ಸೀಮೆಯ ಚಳಿ ಆರೋಗ್ಯವಂತ ಇಂಜಿನನ್ನು ಕೆಡಿಸುವಷ್ಟು ತೀವ್ರವಾದುದಲ್ಲವೆಂಬುದನ್ನೂ, ಇಂಜಿನಿನಲ್ಲಿ ಮೊದಲೇ ಅಡಗಿದ್ದ ದೋಷವನ್ನು ಅದು ಹೊರಗೆಡಹುತ್ತದೆಂಬುದನ್ನೂ, ಆ ದೋಷವನ್ನು ಕ್ರಮವರಿತು ಹುಡುಕುವ ಬಗೆಯನ್ನೂ ತೋರಿಸುವುದು ಈ ಲೇಖನದ ಉದ್ದೇಶ.

೨. ಡೀಸೆಲ್ ಇಂಜಿನಿನ ತತ್ತ್ವ

ಪೆಟ್ರೋಲ್ ಇಂಜಿನಿನಲ್ಲಿ ಇಂಧನವನ್ನು ವಿದ್ಯುತ್ಕಿಡಿಯು ಹೊತ್ತಿಸುತ್ತದೆ. ಡೀಸೆಲ್ ಇಂಜಿನಿನಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ಎಳೆದುಕೊಂಡು, ಅದನ್ನು ಪಿಸ್ಟನ್ನಿನಿಂದ ಅತಿಯಾಗಿ ಒತ್ತಿದರೆ ಆ ಗಾಳಿ ಕಾಯುತ್ತದೆ. ಕಾದ ಗಾಳಿಯೊಳಕ್ಕೆ ಸಿಡಿಸಿದ ಇಂಧನವು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪನ್ನು ಬಿರುಸಾಗಿ ಒತ್ತುವಾಗ ಅದರ ತುದಿ ಬಿಸಿಯಾಗುವುದನ್ನು ಎಲ್ಲರೂ ಅನುಭವಿಸಿದ್ದಾರೆ, ತತ್ತ್ವ ಅದೇ. ಜರ್ಮನಿಯ ರುಡಾಲ್ಫ್ ಡೀಸೆಲ್ ೧೮೯೨ರಲ್ಲಿ ಇದಕ್ಕೆ ಪೇಟೆಂಟನ್ನು ಕೋರಿದನು; ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಅವನ ಇಂಜಿನು ಯಶಸ್ವಿಯಾಗಿ ಪರೀಕ್ಷೆಗೆ ನಿಂತಿತು.

ಒತ್ತಲ್ಪಟ್ಟ ಗಾಳಿಯ ಉಷ್ಣತೆಯನ್ನು ಲೆಕ್ಕ ಮಾಡುವ ಸೂತ್ರ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಗಾಳಿಯ ಮೊದಲಿನ ನಿರಪೇಕ್ಷ ಉಷ್ಣತೆಯನ್ನು, ಸಂಪೀಡನ ಪ್ರಮಾಣದ ಒಂದು ಘಾತದಿಂದ ಗುಣಿಸಬೇಕು. ಸಂಪೀಡನ ಪ್ರಮಾಣವೆಂದರೆ, ಪಿಸ್ಟನ್ನು ಕೆಳಗಿರುವಾಗಿನ ಘನಗಾತ್ರವು ಅದು ಮೇಲಿರುವಾಗಿನ ಘನಗಾತ್ರಕ್ಕಿಂತ ಎಷ್ಟು ಪಟ್ಟು ದೊಡ್ಡದು ಎಂಬುದು. ಈಚಿನ ಡೀಸೆಲ್ ಕಾರುಗಳಲ್ಲಿ ಇದು ಸಾಮಾನ್ಯವಾಗಿ ೧೬ರಿಂದ ೧೮ರವರೆಗೆ ಇರುತ್ತದೆ. ಘಾತಾಂಕವು ಗಾಳಿಯು ಎಷ್ಟು ಶಾಖವನ್ನು ಗೋಡೆಗಳಿಗೆ ಕಳೆದುಕೊಳ್ಳುತ್ತದೆ, ಎಷ್ಟು ಗಾಳಿ ಸೋರಿಹೋಗುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ. ನಷ್ಟವೇ ಇಲ್ಲದ ಆದರ್ಶ ಸ್ಥಿತಿಯಲ್ಲಿ ಅದು ೦.೪. ಸುಸ್ಥಿತಿಯ ಇಂಜಿನಿಗೆ ೦.೩೫ ಎಂದೂ, ರಿಂಗುಗಳು ಸವೆದು ಸೋರುವ, ನಿಧಾನವಾಗಿ ತಿರುಗುವ ಇಂಜಿನಿಗೆ ೦.೨೫ ಎಂದೂ ದೃಷ್ಟಾಂತಕ್ಕಾಗಿ ಇಟ್ಟುಕೊಳ್ಳೋಣ.

೩. ಚಳಿಯ ಪಾಲೆಷ್ಟು, ದೋಷದ ಪಾಲೆಷ್ಟು?

ಕೊಪ್ಪಳದ ಬಯಲಿನಲ್ಲಿ ಡಿಸೆಂಬರ್ ಜನವರಿಗಳ ಮುಂಜಾವಿನ ಉಷ್ಣತೆಯನ್ನು ಸುಮಾರು ೧೫ ಡಿಗ್ರಿ ಸೆಲ್ಸಿಯಸ್ ಎಂದೂ, ಮೇ ತಿಂಗಳ ಮುಂಜಾವಿನ ಉಷ್ಣತೆಯನ್ನು ಸುಮಾರು ೨೬ ಡಿಗ್ರಿ ಎಂದೂ ಹಿಡಿಯಬಹುದು. ನಿರಪೇಕ್ಷ ಮಾನದಲ್ಲಿ ಇವು ಕ್ರಮವಾಗಿ ೨೮೮ ಮತ್ತು ೨೯೯. ಸಂಪೀಡನ ಪ್ರಮಾಣ ೧೭ ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ ಸಂಪೀಡನದ ಕೊನೆಯಲ್ಲಿ ಗಾಳಿಯ ಉಷ್ಣತೆ ಹೀಗಾಗುತ್ತದೆ:

ಸುಸ್ಥಿತಿಯ ಇಂಜಿನು, ಮೇ ಮುಂಜಾವು: ಸುಮಾರು ೫೩೩ ಡಿಗ್ರಿ.
ಸುಸ್ಥಿತಿಯ ಇಂಜಿನು, ಡಿಸೆಂಬರ್ ಮುಂಜಾವು: ಸುಮಾರು ೫೦೩ ಡಿಗ್ರಿ.
ದೋಷಯುಕ್ತ ಇಂಜಿನು, ಮೇ ಮುಂಜಾವು: ಸುಮಾರು ೩೩೪ ಡಿಗ್ರಿ.
ದೋಷಯುಕ್ತ ಇಂಜಿನು, ಡಿಸೆಂಬರ್ ಮುಂಜಾವು: ಸುಮಾರು ೩೧೨ ಡಿಗ್ರಿ.

ಈ ನಾಲ್ಕು ಸಂಖ್ಯೆಗಳನ್ನು ಓದುಗರು ನಿಧಾನವಾಗಿ ಹೋಲಿಸಬೇಕೆಂದು ಕೋರುತ್ತೇವೆ. ಋತು ಬದಲಾದುದರಿಂದ ಸುಸ್ಥಿತಿಯ ಇಂಜಿನು ಕಳೆದುಕೊಂಡುದು ೩೦ ಡಿಗ್ರಿ. ಅದೇ ಡಿಸೆಂಬರ್ ಮುಂಜಾವಿನಲ್ಲಿ ದೋಷದಿಂದ ಕಳೆದುಕೊಂಡುದು ೧೯೧ ಡಿಗ್ರಿ, ಎಂದರೆ ಆರು ಪಟ್ಟಿಗಿಂತ ಹೆಚ್ಚು. ಘಾತಾಂಕವನ್ನು ತುಸು ಹೆಚ್ಚು ಕಡಿಮೆ ಮಾಡಿಕೊಂಡರೂ ನಿರ್ಣಯ ಬದಲಾಗುವುದಿಲ್ಲ. ಆದುದರಿಂದ "ಚಳಿಗೆ ಹೀಗಾಗುತ್ತದೆ" ಎಂಬ ಮಾತು ಅರ್ಧ ಸತ್ಯ. ದೋಷದಿಂದ ಆಗಲೇ ಅಂಚಿಗೆ ಬಂದು ನಿಂತಿರುವ ಇಂಜಿನನ್ನು ಚಳಿಯು ಆಚೆಗೆ ನೂಕುತ್ತದೆ, ಅಷ್ಟೆ.

ಇಲ್ಲಿ ಒಂದು ಸಂದೇಹ ಏಳಬಹುದು. ತೆರೆದ ಗಾಳಿಯಲ್ಲಿ ಕಿಡಿಯಿಲ್ಲದೆ ಡೀಸೆಲ್ ತಾನಾಗಿ ಹೊತ್ತಲು ೨೫೦ ಡಿಗ್ರಿಯ ಆಸುಪಾಸಿನ ಉಷ್ಣತೆ ಸಾಕಾಗುವುದಾದರೆ, ೩೧೨ ಡಿಗ್ರಿ ಏಕೆ ಸಾಲದು? ಉತ್ತರವು ಕಾಲದಲ್ಲಿದೆ. ಇಂಧನದ ಹನಿಗಳು ಆವಿಯಾಗಿ, ಗಾಳಿಯೊಡನೆ ಬೆರೆತು ಹೊತ್ತಿಕೊಳ್ಳಲು ಸ್ವಲ್ಪ ಹೊತ್ತು ಬೇಕು; ಉಷ್ಣತೆ ಕಡಿಮೆಯಾದಷ್ಟೂ ಈ ದಹನವಿಳಂಬ ಹೆಚ್ಚುತ್ತದೆ. ಸೆಲ್ಫ್ ಮೋಟಾರು ಇಂಜಿನನ್ನು ನಿಮಿಷಕ್ಕೆ ೨೦೦ ಸುತ್ತಿನಂತೆ ತಿರುಗಿಸುವಾಗ ಕ್ರ್ಯಾಂಕು ೧೦ ಡಿಗ್ರಿ ಕೋನ ಸಾಗಲು ಸೆಕೆಂಡಿನ ಸಾವಿರದ ೮ ಭಾಗ ಹಿಡಿಯುತ್ತದೆ. ಇಂಜಿನು ಹೊತ್ತಿಕೊಂಡು ೮೦೦ ಸುತ್ತಿಗೆ ಏರಿದೊಡನೆ ಅದೇ ಕೋನಕ್ಕೆ ಸಿಗುವ ಕಾಲ ಸಾವಿರದ ೨ ಭಾಗ ಮಾತ್ರ. ಇಂಜಿನು ಚಾಲೂ ಆಗಿಯೂ ಮರುಕ್ಷಣವೇ ತಡವರಿಸುವುದೇಕೆಂಬುದು ಇದರಿಂದ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ಹೊತ್ತದೆ ಉಳಿದ ಇಂಧನವು ಆವಿಯಾಗಿ ಹೊರಬಿದ್ದು ಬಿಳಿಯ ಹೊಗೆಯಾಗಿ ಕಾಣುತ್ತದೆ. ಸಿಲಿಂಡರಿನ ಗೋಡೆಗಳು ಕಾದೊಡನೆ ದಹನ ಸರಿಹೋಗುತ್ತದೆ.

ಚಳಿಗೆ ಡೀಸೆಲೇ ಹೆಪ್ಪುಗಟ್ಟುತ್ತದೆಂಬ ಮಾತನ್ನು ನಮ್ಮ ಸೀಮೆಗೆ ಅನ್ವಯಿಸಲಾಗದು. ಲಡಾಖಿನಂತಹ ಪ್ರದೇಶದಲ್ಲಿ ಅದು ನಿಜವಾದ ತೊಂದರೆ. ಅದಕ್ಕೆಂದೇ ೨೦೧೯ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಸೊನ್ನೆಗಿಂತ ೩೩ ಡಿಗ್ರಿ ಕೆಳಗೂ ಹರಿಯಬಲ್ಲ ವಿಶೇಷ ಡೀಸೆಲನ್ನು ಅಲ್ಲಿಗೆ ಒದಗಿಸಿತು. ನಮ್ಮ ೧೫ ಡಿಗ್ರಿಯ ಮುಂಜಾವನ್ನು ಅದರೊಡನೆ ಹೋಲಿಸುವಂತಿಲ್ಲ.

೪. ಮೊದಲ ಭೇದ: ಚಳಿಯೋ, ನಿಲುಗಡೆಯೋ?

ರಾತ್ರಿ ಕಳೆದ ಕಾರಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದಿರುತ್ತವೆ. ಕಾರು ತಣ್ಣಗಾಗಿದೆ, ಕಾರು ಬಹಳ ಹೊತ್ತು ನಿಂತಿದೆ. ಇವೆರಡನ್ನು ಬೇರ್ಪಡಿಸದೆ ಮುಂದುವರಿಯುವುದೇ ತಪ್ಪು ನಿದಾನಕ್ಕೆ ಮುಖ್ಯ ಕಾರಣವೆಂಬುದು ನಮ್ಮ ಅಭಿಪ್ರಾಯ.

ಬಹಳ ಹೊತ್ತು ನಿಂತುದರಿಂದ ಆಗುವ ದೋಷಗಳಿಗೆ ಚಳಿಯ ಸಂಬಂಧ ಕಡಿಮೆ. ಇಂಧನದ ಕೊಳವೆಯ ಕೂಡಿಕೆಯಲ್ಲೋ ಫಿಲ್ಟರಿನ ಮುಚ್ಚಳದಲ್ಲೋ ಸಣ್ಣ ಸಂದಿದ್ದರೆ, ರಾತ್ರಿಯಲ್ಲಿ ಡೀಸೆಲ್ ಹಿಂದಕ್ಕೆ ಟ್ಯಾಂಕಿನತ್ತ ಇಳಿದು ಅದರ ಸ್ಥಾನವನ್ನು ಗಾಳಿ ಸೇರುತ್ತದೆ. ಮೆಕ್ಯಾನಿಕರು ಇದನ್ನು 'ಏರ್ ಹಿಡಿದಿದೆ' ಎನ್ನುತ್ತಾರೆ. ಇಂಜೆಕ್ಟರಿನ ತುದಿ ಸರಿಯಾಗಿ ಮುಚ್ಚದಿದ್ದರೆ ಇಂಜಿನು ನಿಂತ ಮೇಲೆ ಕೆಲವು ಹನಿ ಇಂಧನ ಸಿಲಿಂಡರಿಗೆ ಜಿನುಗಿರಬಹುದು.

ಇವೆರಡು ಬಗೆಗಳನ್ನು ಬೇರ್ಪಡಿಸಲು ನಮ್ಮ ಸೀಮೆಯ ಹವೆಯೇ ಅನುಕೂಲವಾಗಿದೆ. ಚಳಿಗಾಲದಲ್ಲಿಯೂ ಇಲ್ಲಿ ಹಗಲು ಬೆಚ್ಚಗಿರುತ್ತದೆ. ಕಾರನ್ನು ಬೆಳಗ್ಗೆ ೮ ಗಂಟೆಗೆ ಓಡಿಸಿ ತಂದು ನಿಲ್ಲಿಸಿ, ಸಂಜೆ ೫ ಗಂಟೆಯವರೆಗೆ ಮುಟ್ಟದೆ ಬಿಡಬೇಕು. ಒಂಬತ್ತು ಗಂಟೆಗಳ ನಿಲುಗಡೆ ರಾತ್ರಿಯ ನಿಲುಗಡೆಗೆ ಹತ್ತಿರವಾದುದೇ. ಆದರೆ ಇಂಜಿನು ೩೦ ಡಿಗ್ರಿಯ ಸುತ್ತಮುತ್ತ ಉಳಿದಿರುತ್ತದೆ. ಸಂಜೆ ಚಾಲೂ ಮಾಡಿದಾಗಲೂ ಅದೇ ಅಸಮಗತಿ ತೋರಿದರೆ ಕಾರಣ ನಿಲುಗಡೆ. ಸಂಜೆ ಸರಿಯಾಗಿದ್ದು ಮುಂಜಾವಿನಲ್ಲಿ ಮಾತ್ರ ತೋರಿದರೆ ಕಾರಣ ಉಷ್ಣತೆಯ ಕೊರತೆ. ಹಣದ ಖರ್ಚಿಲ್ಲದ ಈ ಪ್ರಯೋಗಕ್ಕೆ ಬೇಕಾದುದು ಒಂದು ದಿನದ ತಾಳ್ಮೆ.

ಇದಕ್ಕೆ ಪೂರಕವಾಗಿ ಇನ್ನೊಂದು ಉಪಾಯವೂ ಉಂಟು. ಸಾಮಾನ್ಯವಾಗಿ ಟ್ಯಾಂಕು ಕಾರಿನ ಹಿಂಭಾಗದಲ್ಲಿರುತ್ತದೆ. ಒಂದು ರಾತ್ರಿ ಕಾರಿನ ಮೂತಿಯನ್ನು ಇಳಿಜಾರಿನ ಕೆಳಮುಖಕ್ಕೆ, ಮತ್ತೊಂದು ರಾತ್ರಿ ಮೇಲ್ಮುಖಕ್ಕೆ ಮಾಡಿ, ಚಕ್ರಗಳಿಗೆ ಕಲ್ಲಿನ ಅಡ್ಡಿ ಕೊಟ್ಟು ನಿಲ್ಲಿಸಬೇಕು. ಮೇಲ್ಮುಖವಾಗಿದ್ದಾಗ ತೊಂದರೆ ಹೆಚ್ಚಿ, ಕೆಳಮುಖವಾಗಿದ್ದಾಗ ಕಡಿಮೆಯಾದರೆ ಡೀಸೆಲ್ ಹಿಂದಿಳಿಯುತ್ತಿದೆಯೆಂದು ಬಲವಾಗಿ ಊಹಿಸಬಹುದು.

೫. ಲಕ್ಷಣಗಳು

ವೈದ್ಯನು ನಾಡಿ ನೋಡುವಂತೆ ಇಂಜಿನಿನ ತಾಳವನ್ನು ಕೇಳಬೇಕು. ನಾಲ್ಕು ಸಿಲಿಂಡರುಗಳ ಇಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಹೊತ್ತುತ್ತದೆ. ೮೦೦ ಸುತ್ತಿನ ಐಡ್ಲಿಂಗಿನಲ್ಲಿ ನಾಲ್ಕೂ ಸೇರಿ ಸೆಕೆಂಡಿಗೆ ಸುಮಾರು ೨೭ ಬಾರಿ ಹೊತ್ತುವುದರಿಂದ ಅದು ಒಂದೇ ಸಮನೆಯ ಗುಡುಗುಡು ಸದ್ದಾಗಿ ಕೇಳಿಸುತ್ತದೆ. ಒಂದು ಸಿಲಿಂಡರು ಕೆಲಸ ತಪ್ಪಿದರೆ ಸೆಕೆಂಡಿಗೆ ಆರೇಳು ಬಾರಿ ಗಾಡಿ ಕ್ರಮವಾಗಿ ಅಲುಗುತ್ತದೆ. ಕೈಯಿಂದ ಮುಟ್ಟಿಯೇ ಇದನ್ನು ಗುರುತಿಸಬಹುದು. ತಾಳ ಹೀಗೆ ನಿಯತವಾಗಿದ್ದರೆ ದೋಷ ಒಂದು ಸಿಲಿಂಡರಿಗೆ ಸೇರಿದುದು. ಇಂಜಿನಿನ ವೇಗವೇ ತಾಳತಪ್ಪಿ ಏರಿಳಿಯುತ್ತಿದ್ದರೆ ಎಲ್ಲ ಸಿಲಿಂಡರುಗಳಿಗೂ ಸಮಾನವಾದ ಕಾರಣವನ್ನು, ಎಂದರೆ ಇಂಧನದಲ್ಲಿ ಗಾಳಿ, ಒತ್ತಡದ ಕೊರತೆ, ಮಸಿ ಕಟ್ಟಿ ತೆರೆದೇ ಉಳಿದ ಇ.ಜಿ.ಆರ್. ಕವಾಟ ಮುಂತಾದುವನ್ನು ಶಂಕಿಸಬೇಕು.

ಹೊಗೆಯೂ ಸಾಕ್ಷಿ ನುಡಿಯುತ್ತದೆ. ಡೀಸೆಲಿನ ಘಾಟುಳ್ಳ ಬಿಳಿಯ ಹೊಗೆ ಹೊತ್ತದ ಇಂಧನದ್ದು. ಇಂಜಿನು ಕಾದ ಮೇಲೂ ನಿಲ್ಲದ, ಸಿಹಿವಾಸನೆಯ ಬಿಳಿಯ ಹೊಗೆ ಸಿಲಿಂಡರಿಗೆ ಕೂಲೆಂಟು ಸೇರುತ್ತಿರುವುದರ ಸೂಚನೆ. ನೀಲಿಯ ಹೊಗೆ ಆಯಿಲಿನದು. ಕರಿಯ ಹೊಗೆ ಗಾಳಿಗೆ ಮೀರಿದ ಇಂಧನದ್ದು. ನಮ್ಮ ಒಣಸೀಮೆಯ ಧೂಳಿನಲ್ಲಿಯೂ ಅಕ್ಕಿ ಗಿರಣಿಗಳ ಹೊಟ್ಟಿನ ಪುಡಿಯಲ್ಲಿಯೂ ಓಡಾಡುವ ಕಾರಾದರೆ ಮೊದಲು ಗಾಳಿಯ ಫಿಲ್ಟರನ್ನು ನೋಡಬೇಕು.

ತಣ್ಣಗಿನ ಡೀಸೆಲ್ ಇಂಜಿನು ತುಸು ಗಟ್ಟಿಯಾಗಿ ಕಟಕಟ ಎನ್ನುವುದು ಸಹಜ. ದಹನವಿಳಂಬದಿಂದ ಇಂಧನ ಕೂಡಿಕೊಂಡು ಒಮ್ಮೆಗೇ ಹೊತ್ತುವುದೇ ಆ ಸದ್ದಿನ ಕಾರಣ. ಸದ್ದು ಹೆಚ್ಚಿದ್ದರೂ ತಾಳ ಸಮನಾಗಿದ್ದರೆ ಅದನ್ನು ರೋಗವೆಂದು ಎಣಿಸಬೇಕಾಗಿಲ್ಲ.

೬. ಪರೀಕ್ಷೆಯ ಕ್ರಮ

ಸುಲಭವಾದುದು ಮೊದಲು, ದುಬಾರಿಯಾದುದು ಕೊನೆಗೆ ಎಂಬ ನಿಯಮವನ್ನು ಅನುಸರಿಸಿ ಪರೀಕ್ಷೆಗಳನ್ನು ಹೀಗೆ ಜೋಡಿಸಬಹುದು.

ಮೊದಲನೆಯದಾಗಿ ಬ್ಯಾಟರಿ. ಸೆಲ್ಫ್ ತಿರುಗುವಾಗ ಬ್ಯಾಟರಿಯ ವೋಲ್ಟೇಜು ಸುಮಾರು ೯.೬ಕ್ಕಿಂತ ಕೆಳಗಿಳಿದರೆ ಬ್ಯಾಟರಿ, ಅದರ ತಂತಿ ಅಥವಾ ಸೆಲ್ಫನ್ನು ಶಂಕಿಸಬೇಕು. ನಿಧಾನವಾಗಿ ತಿರುಗಿದ ಇಂಜಿನು ಹೆಚ್ಚು ಗಾಳಿಯನ್ನೂ ಹೆಚ್ಚು ಶಾಖವನ್ನೂ ಕಳೆದುಕೊಳ್ಳುತ್ತದೆ.

ಎರಡನೆಯದಾಗಿ ಉಷ್ಣತೆಯ ಸೆನ್ಸರುಗಳು. ರಾತ್ರಿಯೆಲ್ಲ ನಿಂತ ಕಾರಿಗೆ, ಚಾಲೂ ಮಾಡುವ ಮೊದಲೇ ಸ್ಕ್ಯಾನರನ್ನು ಜೋಡಿಸಿದರೆ ಕೂಲೆಂಟಿನ ಉಷ್ಣತೆಯೂ ಒಳಬರುವ ಗಾಳಿಯ ಉಷ್ಣತೆಯೂ ಹೆಚ್ಚು ಕಡಿಮೆ ಒಂದೇ ಆಗಿರಬೇಕು. ಗಾಳಿ ೧೬ ಡಿಗ್ರಿ ಇರುವಾಗ ಕೂಲೆಂಟಿನ ಸೆನ್ಸರು ೬೦ ಡಿಗ್ರಿ ಎಂದು ಹೇಳಿದರೆ, ಇಂಜಿನು ಬಿಸಿಯಾಗಿದೆಯೆಂದು ನಿಯಂತ್ರಕವು ಭ್ರಮಿಸಿ ತಣ್ಣಗಿನ ಆರಂಭಕ್ಕೆ ಬೇಕಾದ ಏರ್ಪಾಡನ್ನೇ ಮಾಡುವುದಿಲ್ಲ.

ಮೂರನೆಯದಾಗಿ ಹೀಟರ್ ಪ್ಲಗ್ಗುಗಳು. ಗ್ಲೋ ಪ್ಲಗ್ ಎಂದೂ ಕರೆಯಲ್ಪಡುವ ಇವು ಸಿಲಿಂಡರಿಗೊಂದರಂತೆ ಇದ್ದು, ತುದಿ ಕೆಂಪಗೆ ಕಾದು ಇಂಧನ ಹೊತ್ತಲು ನೆರವಾಗುತ್ತವೆ. ಆರಂಭದ ನಂತರವೂ ಅನೇಕ ಕಾರುಗಳಲ್ಲಿ ಇವು ಸ್ವಲ್ಪ ಹೊತ್ತು ಕಾಯುತ್ತಿರುತ್ತವೆ. ಐಡ್ಲಿಂಗ್ ಸಮನಾಗಿರಲೆಂದೇ ಈ ಏರ್ಪಾಡು. ಬೇಸಗೆಯಲ್ಲಿ ಇವುಗಳ ಅಗತ್ಯ ಅಲ್ಪವಾದುದರಿಂದ ಒಂದು ಪ್ಲಗ್ಗು ಸುಟ್ಟುಹೋದರೂ ಯಾರಿಗೂ ತಿಳಿಯದು. ಡಿಸೆಂಬರಿನಲ್ಲಿ ಅದು ಬಯಲಾಗುತ್ತದೆ. ತಂತಿಯನ್ನು ಬಿಡಿಸಿ ಮೀಟರಿನಿಂದ ಅಳೆದಾಗ ಸಾಮಾನ್ಯ ಲೋಹದ ಪ್ಲಗ್ಗು ಒಂದು ಓಮಿನ ಆಸುಪಾಸಿನ ಅಲ್ಪ ರೋಧವನ್ನು ತೋರಬೇಕು. ಅನಂತವೆಂದು ತೋರಿದರೆ ಪ್ಲಗ್ಗು ಸತ್ತಿದೆ. ನಾಲ್ಕೂ ಸರಿಯಿದ್ದು ವಿದ್ಯುತ್ತೇ ತಲುಪದಿದ್ದರೆ ಫ್ಯೂಸು ಮತ್ತು ರಿಲೇಯನ್ನು ನೋಡಬೇಕು. ಈಚಿನ ಕೆಲವು ಕಾರುಗಳ ಪ್ಲಗ್ಗುಗಳು ೧೨ ವೋಲ್ಟಿಗಿಂತ ಕಡಿಮೆಯವು. ಅವನ್ನು ನೇರವಾಗಿ ಬ್ಯಾಟರಿಗೆ ಮುಟ್ಟಿಸಿ ನೋಡಕೂಡದು.

ನಾಲ್ಕನೆಯದಾಗಿ ಇಂಧನ. ಫಿಲ್ಟರಿನ ತಳದಿಂದ ನೀರನ್ನು ಬಸಿದು, ಪಾರದರ್ಶಕ ಕೊಳವೆಯಲ್ಲಿ ಗಾಳಿಯ ಗುಳ್ಳೆಗಳು ಹಾದುಹೋಗುವವೇ ಎಂದು ಪರಿಶೀಲಿಸಬೇಕು.

ಐದನೆಯದಾಗಿ ಇಂಜೆಕ್ಟರುಗಳು. ಐಡ್ಲಿಂಗಿನಲ್ಲಿ ನಿಯಂತ್ರಕವು ಪ್ರತಿ ಸಿಲಿಂಡರಿಗೂ ಇಂಧನವನ್ನು ತುಸು ಹೆಚ್ಚು ಕಡಿಮೆ ಮಾಡಿ ಸಮಗೊಳಿಸುತ್ತಿರುತ್ತದೆ. ಆ ತಿದ್ದುಪಡಿಯ ಪ್ರಮಾಣವನ್ನು ಅನೇಕ ಕಾರುಗಳಲ್ಲಿ ಸ್ಕ್ಯಾನರ್ ತೋರಿಸುತ್ತದೆ. ಅನಂತರ ನಾಲ್ಕು ಇಂಜೆಕ್ಟರುಗಳಿಂದ ಹಿಂದಿರುಗುವ ಡೀಸೆಲನ್ನು ನಾಲ್ಕು ಅಳತೆಯ ಶೀಸೆಗಳಲ್ಲಿ ಹಿಡಿದು ಹೋಲಿಸಬೇಕು. ಒಂದರಿಂದ ಮಾತ್ರ ಬಹಳ ಹೆಚ್ಚು ಬಂದರೆ ಅದು ಒಳಗೆ ಸವೆದಿದೆ.

ಆರನೆಯದಾಗಿ ಸಂಪೀಡನದ ಒತ್ತಡ. ಡೀಸೆಲ್ ಕಾರುಗಳಲ್ಲಿ ಇದು ಸಾಮಾನ್ಯವಾಗಿ ೨೦ರಿಂದ ೩೦ ಬಾರ್ ಇರುತ್ತದೆ. ಒಟ್ಟು ಪ್ರಮಾಣಕ್ಕಿಂತಲೂ ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ಹೆಚ್ಚು ಅರ್ಥವತ್ತಾದುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಪಂಪುಸೆಟ್ಟು ಮತ್ತು ಹಳೆಯ ಟ್ರ್ಯಾಕ್ಟರುಗಳಲ್ಲಿ ಇಂಜಿನು ತಿರುಗುತ್ತಿರುವಾಗಲೇ ಇಂಜೆಕ್ಟರಿನ ಕೊಳವೆಯ ನಟ್ಟನ್ನು ಸಡಿಲಿಸಿ, ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲವೆಂದು ಕಂಡುಹಿಡಿಯುವ ಪದ್ಧತಿಯಿತ್ತು. ಕಾಮನ್ ರೈಲ್ ಇಂಜಿನಿನಲ್ಲಿ ಇದನ್ನು ಎಂದಿಗೂ ಮಾಡಕೂಡದು. ಇಂತಹ ಇಂಜಿನಿನ ರೈಲಿನಲ್ಲಿ ಐಡ್ಲಿಂಗಿನಲ್ಲಿಯೇ ನೂರಾರು ಬಾರ್, ಭಾರ ಬಿದ್ದಾಗ ೧,೬೦೦ ಬಾರಿನವರೆಗೆ, ಕೆಲವದರಲ್ಲಿ ಅದಕ್ಕೂ ಮೀರಿ ಒತ್ತಡವಿರುತ್ತದೆ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಮಾಂಸಖಂಡವನ್ನು ಸೇರುತ್ತದೆ. ಗಾಯ ಸೂಜಿಯ ಮೊನೆಯಷ್ಟೇ ಕಂಡರೂ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಅಪಾಯವುಂಟು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಿಲಿಂಡರನ್ನು ನಿಲ್ಲಿಸಿ ನೋಡುವ ಕೆಲಸವನ್ನು ಸ್ಕ್ಯಾನರಿನಿಂದಲೇ ಮಾಡತಕ್ಕದ್ದು.

೭. ಒಂದು ದೃಷ್ಟಾಂತ

ಕುಷ್ಟಗಿಯ ಬಾಡಿಗೆ ಕಾರೊಂದನ್ನು ಕಲ್ಪಿಸಿಕೊಳ್ಳೋಣ. ಮುಂಜಾವಿನಲ್ಲಿ ಒಂದು ನಿಮಿಷ ಬಿಳಿಯ ಹೊಗೆ, ಕ್ರಮವಾದ ಅಲುಗಾಟ; ಆಮೇಲೆ ಎಲ್ಲವೂ ಸರಿ. ನಾಲ್ಕೂ ಇಂಜೆಕ್ಟರುಗಳನ್ನು ಬದಲಿಸಬೇಕೆಂದು ಮಾಲೀಕನಿಗೆ ಯಾರೋ ಹೇಳಿದ್ದಾರೆ. ಅವನು ಮೊದಲು ಹಗಲಿನ ಪ್ರಯೋಗ ಮಾಡುತ್ತಾನೆ. ಸಂಜೆ ಕಾರು ಸರಿಯಾಗಿ ತಿರುಗುತ್ತದೆ. ಎಂದಮೇಲೆ ಗಾಳಿ ಹಿಡಿದಿರುವ ಸಂಭವ ಕಡಿಮೆ. ತಾಳ ನಿಯತವಾಗಿರುವುದರಿಂದ ದೋಷ ಒಂದೇ ಸಿಲಿಂಡರಿನಲ್ಲಿದೆ. ಬ್ಯಾಟರಿ ಮತ್ತು ಸೆನ್ಸರುಗಳು ಸರಿಯಾಗಿವೆ. ಹೀಟರ್ ಪ್ಲಗ್ಗುಗಳನ್ನು ಅಳೆದಾಗ ಮೂರನೆಯದು ಸತ್ತಿರುವುದು ಕಾಣುತ್ತದೆ. ಅದನ್ನು ಬದಲಿಸಿ ಮರುದಿನ ಮುಂಜಾವಿಗೆ ನೋಡಬೇಕು. ತೊಂದರೆ ನಿಂತರೆ ನಿದಾನ ಸರಿಯಾಯಿತು. ಒಂದು ಪ್ಲಗ್ಗಿನ ಬೆಲೆಯಲ್ಲಿ ಕೆಲಸ ಮುಗಿಯಿತು. ನಿಲ್ಲದಿದ್ದರೆ ಅದೇ ಮೂರನೆಯ ಸಿಲಿಂಡರಿನ ಇಂಜೆಕ್ಟರನ್ನೂ ಸಂಪೀಡನವನ್ನೂ ಪರೀಕ್ಷಿಸಬೇಕು. ಯಾವ ಪಕ್ಷದಲ್ಲಿಯೂ ಸರಿಯಿರುವ ಮೂರು ಇಂಜೆಕ್ಟರುಗಳನ್ನು ಬಿಸಾಡುವ ಪ್ರಸಂಗ ಬರುವುದಿಲ್ಲ.

೮. ಉಪಸಂಹಾರ

"ಎರಡು ನಿಮಿಷದಲ್ಲಿ ಸರಿಹೋಗುವುದಕ್ಕೆ ಇಷ್ಟು ಚಿಂತೆ ಏಕೆ?" ಎಂದು ಕೇಳಬಹುದು. ಹೊತ್ತದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯ ಆಯಿಲಿನ ಪದರವನ್ನು ತೊಳೆಯುತ್ತದೆ. ಕೆಳಗಿಳಿದು ಇಂಜಿನಿನ ಆಯಿಲನ್ನು ತೆಳುವಾಗಿಸುತ್ತದೆ. ಅದರಿಂದ ರಿಂಗುಗಳು ಸವೆದು ಸಂಪೀಡನ ಮತ್ತಷ್ಟು ಕುಗ್ಗುತ್ತದೆ. ಈ ವರ್ಷ ಒಂದು ಪ್ಲಗ್ಗಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಮುಂದೆ ಇಂಜಿನನ್ನೇ ಬಿಚ್ಚುವಲ್ಲಿಗೆ ಬಂದು ನಿಲ್ಲಬಹುದು. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ರ ನಿಯಮಗಳು ಜಾರಿಗೆ ಬಂದಾಗ ಹಲವು ತಯಾರಕರು ಸಣ್ಣ ಡೀಸೆಲ್ ಕಾರುಗಳನ್ನು ಕೈಬಿಟ್ಟರು. ಆದಕಾರಣ ನಮ್ಮ ತಾಲ್ಲೂಕುಗಳ ರಸ್ತೆಗಳಲ್ಲಿ ಓಡುವ ಅಂತಹ ಕಾರುಗಳು ವರ್ಷದಿಂದ ವರ್ಷಕ್ಕೆ ಹಳೆಯವಾಗುತ್ತಲೇ ಇವೆ. ಬಾಡಿಗೆಯಿಂದ ಸಂಸಾರ ನಡೆಸುವವರು ಅವನ್ನೇ ನೆಚ್ಚಿಕೊಂಡಿರುವುದೂ ಉಂಟು.

'ನಿದಾನ' ಎಂಬ ಶಬ್ದಕ್ಕೆ ವೈದ್ಯಶಾಸ್ತ್ರದಲ್ಲಿ ರೋಗದ ಮೂಲಕಾರಣವೆಂದೂ ಅದನ್ನು ಅರಿಯುವ ಕ್ರಮವೆಂದೂ ಅರ್ಥವಿದೆ. ಇಂಜಿನಿಗೂ ಅದು ಸಲ್ಲುತ್ತದೆ. ನಮ್ಮ ಮೆಕ್ಯಾನಿಕರಲ್ಲಿ ಕಿವಿಯಿಂದಲೇ ದೋಷವನ್ನು ಗುರುತಿಸುವ ಅನುಭವವಿದೆ. ಕಾಲೇಜಿನ ವಿದ್ಯಾರ್ಥಿಗಳಲ್ಲಿ ಉಷ್ಣಶಾಸ್ತ್ರದ ಸೂತ್ರವಿದೆ. ಇವೆರಡೂ ಒಂದೆಡೆ ಸೇರುವುದು ಅಪೂರ್ವ. ಭೌತಶಾಸ್ತ್ರದ ಅಧ್ಯಾಪಕರು ಸಂಪೀಡನದ ಪಾಠ ಹೇಳುವಾಗ ಚಳಿಗಾಲದ ಒಂದು ಮುಂಜಾವು ವಿದ್ಯಾರ್ಥಿಗಳನ್ನು ಸಮೀಪದ ಗ್ಯಾರೇಜಿಗೆ ಕರೆದೊಯ್ದು, ಮೇಲೆ ಹೇಳಿದ ನಾಲ್ಕು ಸಂಖ್ಯೆಗಳನ್ನು ಒಂದು ನಿಜವಾದ ಇಂಜಿನಿನ ಮುಂದೆ ನಿಂತು ವಿವರಿಸಿದರೆ ಪಾಠವೂ ನೆಲೆಗೊಂಡೀತು, ಗ್ಯಾರೇಜಿಗೂ ಪ್ರಯೋಜನವಾದೀತೆಂದು ನಾವು ನಂಬುತ್ತೇವೆ.